ಮೂರು ಸೆಕೆಂಡಿನ ನಗು

ಒಣಗಿದ ಬಟ್ಟೆ ತರಲು ತಾರಸಿಗೆ ಹೋದ ಕ್ಷೌರಿಕನ ಹೆಂಡತಿ ಅಲ್ಲಿಂದ ಬಿದ್ದು ಸತ್ತಳು. ಬಾಯಿ ಜೋರಾದರೂ ಕರುಳು ಮೆತ್ತಗಿದ್ದ ಹೆಂಗಸು. ಅಂತ್ಯಕ್ರಿಯೆ ಮುಗಿಸಿ ಎಲ್ಲರೂ ಬಾಗಿಲ ಮುಂದೆ ಕೂತಿದ್ದಾಗ ಅವಳ ಚಿಕ್ಕಮ್ಮ, "ನಿನ್ನ ಕತ್ತರಿಗೆ ಸಾಣೆ ಬೇಕು, ನನ್ನ ನಾಲಿಗೆಗೆ ಬೇಡ ಅಂತಿದ್ಳಲ್ಲಪ್ಪ" ಎಂದು ನೆನೆದು ಅತ್ತರು. ಅರಿವಿಲ್ಲದೆಯೇ ಕ್ಷೌರಿಕನ ತುಟಿಯಂಚಿನಲ್ಲಿ ನಗು ಸುಳಿಯಿತು. ಮೂರು ಸೆಕೆಂಡು ಇದ್ದಿರಬಹುದು. ರಸ್ತೆಯಾಚೆ ಕ್ಯಾಮೆರಾ ಹಿಡಿದು ನಿಂತವನಿಗೆ ಅಷ್ಟೇ ಸಾಕಾಯಿತು.

ಆ ನಗುವಿನ ಸುತ್ತ ಕೆಂಪು ವೃತ್ತ ಎಳೆದು ಟಿವಿಯವರು ಒಂಬತ್ತು ದಿನ ತೋರಿಸಿದರು. ಚಿಕ್ಕಮ್ಮನ ಮಾತು ಸಂಗೀತದಡಿ ಮುಚ್ಚಿಹೋಯಿತು. ಜಾರಿದಳೋ, ಇವನೇ ದೂಡಿದನೋ ಎಂದು ಕೋಟು ತೊಟ್ಟವರು ಕೂತು ಚರ್ಚಿಸಿದರು. ಮೈಕು ಮೂತಿಗೆ ಬಂದಾಗ ಭಾವಮೈದುನನೂ, ಅಕ್ಕ ಭಾವ ಜಗಳವಾಡುತ್ತಿದ್ದದ್ದು ನಿಜ ಎಂದುಬಿಟ್ಟ. ಯಾವ ಗಂಡಹೆಂಡಿರು ಆಡುವುದಿಲ್ಲ?

ಅಂಗಡಿ ತೆರೆದರೆ ನೊಣವೂ ಬರಲಿಲ್ಲ. ಹದಿನೈದು ವರ್ಷ ಅವನ ಕತ್ತಿಗೆ ಕತ್ತು ಒಡ್ಡಿ ಗೊರಕೆ ಹೊಡೆಯುತ್ತಿದ್ದ ಬೇಕರಿಯವನು ಈಗ ಬೆಳೆದ ಗಡ್ಡ ಕೆರೆದುಕೊಳ್ಳುತ್ತ ಆಚೆ ಬದಿಯಿಂದಲೇ ಹೋಗುತ್ತಿದ್ದ. ಗೋಡೆ ತುಂಬ ಕನ್ನಡಿ. ತಿರುಗಿದ ಕಡೆಯೆಲ್ಲ ತನ್ನದೇ ಮುಖ. ನಕ್ಕರೆ ಕೊಲೆಗಾರ, ಅತ್ತರೆ ನಾಟಕದವನು. ಅವನು ಎರಡನ್ನೂ ಬಿಟ್ಟ. ಮನೆಯಲ್ಲಿ ಪರದೆ ಎಳೆದು ಒಬ್ಬನೇ ಕೂತರೂ ಯಾರೋ ನೋಡುತ್ತಿದ್ದಾರೆ ಎನಿಸಿ ಕಣ್ಣೀರು ಒಳಗೇ ಉಳಿಯುತ್ತಿತ್ತು.

ನಾಲ್ಕು ತಿಂಗಳ ಮೇಲೆ ಪೊಲೀಸರು ಕರೆಸಿ, ತಾರಸಿಯ ಕೈಗೋಡೆಯ ಇಟ್ಟಿಗೆ ಸಡಿಲವಾಗಿತ್ತು, ಇದು ಅಪಘಾತ ಎಂದು ತಿಳಿಸಿದರು. ಟಿವಿ ಪರದೆಯ ಅಡಿಯಲ್ಲಿ ಅದು ಒಂದು ಸಾಲಾಗಿ ಓಡಿಹೋಯಿತು. ಮರುದಿನ ಭಾವಮೈದುನ ಬಂದು ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತ.

"ಮೈಕ್ ಹಿಡಿದ್ರು ಭಾವ, ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ."

"ಒಂದ್ ಸಲ ನನ್ನನ್ನ ಬಂದು ಕೇಳಬಹುದಿತ್ತು ನೀನು."

ಕೂದಲು ಕತ್ತರಿಸಿಕೊಂಡು ಹೋದವನು ಮತ್ತೆ ಆ ಕಡೆ ಸುಳಿಯಲಿಲ್ಲ.

ಕ್ಷೌರಿಕ ಅಂಗಡಿ ಮುಚ್ಚಿ ದೊಡ್ಡಾಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ. ಆಪರೇಷನ್‌ಗೆ ಮುಂಚೆ ರೋಗಿಗಳ ಮೈಕೂದಲು ಬೋಳಿಸಬೇಕು. ಅವರಿಗೆ ತಮ್ಮ ಜೀವದ್ದೇ ಭಯ; ಇವನ ಮುಖ ಯಾರೂ ನೋಡುತ್ತಿರಲಿಲ್ಲ. ಅದೇ ಅವನಿಗೆ ಹಿತವಾಗಿತ್ತು.

ಒಂದು ಬೆಳಿಗ್ಗೆ ಎದೆಯ ಆಪರೇಷನ್ ಆಗಬೇಕಿದ್ದ ಮುದುಕರೊಬ್ಬರು ಅವನನ್ನು ಮಾತಿಗೆಳೆದು, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದರು.

"ನಾನೊಬ್ಬನೇ. ಹೆಂಡತಿ ಇದ್ಳು. ತಾರಸಿಯಿಂದ ಬಿದ್ದು ಹೋಗ್ಬಿಟ್ಲು."

"ಪಾಪ," ಎಂದರು ಮುದುಕರು. "ಎಷ್ಟು ಸಂಕಟ ಆಗಿರಬೇಕಪ್ಪ ನಿಂಗೆ."

ಅವಳು ಹೋಗಿ ವರ್ಷವಾಗುತ್ತ ಬಂದಿತ್ತು. ಈ ಮಾತನ್ನು ಅವನಿಗೆ ಹೇಳಿದವರಲ್ಲಿ ಇವರೇ ಮೊದಲಿಗರು. ಅವನು ಕತ್ತಿಯನ್ನು ತಟ್ಟೆಯಲ್ಲಿಟ್ಟು, ಗೋಡೆ ಕಡೆ ತಿರುಗಿ, ಬಿಕ್ಕಿ ಬಿಕ್ಕಿ ಅತ್ತ. ಅರ್ಧ ಎದೆಗೆ ಸೋಪಿನ ನೊರೆ ಮೆತ್ತಿಕೊಂಡ ಮುದುಕರು, ತಮಗೇನೂ ಅವಸರವಿಲ್ಲವೆಂಬಂತೆ, ಚಾವಣಿ ನೋಡುತ್ತ ಸುಮ್ಮನೆ ಮಲಗಿದ್ದರು.