ಲಾಭದ ಕೊಳಗ

ಭತ್ತ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಅನ್ನಬಾರದು, ಲಾಭ ಅನ್ನಬೇಕು. ಲಾಭ, ಎರಡು, ಮೂರು. ಮೊನ್ನೆ ಹುಟ್ಟಿದ ಕೂಸಿಗೂ ಗೊತ್ತಿರುವ ಲೆಕ್ಕ ಇದು. ನಮ್ಮ ಒಡೆಯರು ಮುಕುಂದಯ್ಯನವರಿಗೆ ಮಾತ್ರ ಗೊತ್ತಿರಲಿಲ್ಲ. ಗೇಣಿ ಅಳೆಯುವಾಗ ಅವರ ಲಾಭದ ನಂತರ ಒಂದು ಬರುತ್ತಿತ್ತು.

ತಪ್ಪು ನನ್ನ ಮಾವನದೇ. ಹೊಸನಗರದ ಕಡೆಯ ಈ ಗದ್ದೆ ಗೇಣಿಗೆ ಸಿಕ್ಕ ವರ್ಷ ಆ ಪುಣ್ಯಾತ್ಮ ಖುಷಿಯಲ್ಲಿ ಪ್ರತಿ ಖಂಡುಗದ ಲಾಭದ ಕೊಳಗವನ್ನು ಲೆಕ್ಕಕ್ಕೆ ಹಿಡಿಯದೆ ಒಡೆಯರ ಕಾಲ ಬಳಿ ಸುರಿದನಂತೆ. ಒಂದು ವರ್ಷದ ಖುಷಿ ಮೂವತ್ತು ವರ್ಷದ ಮಾಮೂಲಾಯಿತು. ಖಂಡುಗಕ್ಕೆ ಇಪ್ಪತ್ತು ಕೊಳಗ. ನಾವು ಸುರಿದದ್ದು ಇಪ್ಪತ್ತೊಂದು. ಹತ್ತು ಖಂಡುಗ ಗೇಣಿಗೆ ಹತ್ತು ಕೊಳಗ ದಂಡ.

ಅರವತ್ತೈದನೇ ಇಸವಿಯಲ್ಲಿ ಕಾಡುಹಂದಿ ನುಗ್ಗಿ ಗದ್ದೆ ಹಾಳು ಮಾಡಿದವು. ಹತ್ತು ಖಂಡುಗ ಗೇಣಿ ಕೊಟ್ಟರೆ ಬೀಜಕ್ಕೆಂದು ಉಳಿಯುವುದು ಹತ್ತೇ ಕೊಳಗ. ಹೊಟ್ಟೆಗೆ ಕೂಲಿ ಮಾಡಿದರಾಯಿತು, ಆದರೆ ಬಿತ್ತನೆಯ ಬೀಜವನ್ನೂ ಲಾಭ ಎಂದು ಸುರಿದರೆ ಮುಂದೆ ಗದ್ದೆಗೆ ಏನು ಬಿತ್ತುವುದು, ನಮ್ಮ ತಲೆಯನ್ನೇ? ನನ್ನ ಗಂಡ ಪುಟ್ಟಪ್ಪ ಬಾಯಿ ಸತ್ತವನು. ದೊಡ್ಡವರ ಸಹವಾಸ, ಸುಮ್ಮನಿರು ಅಂದ.

ಕಣದಲ್ಲಿ ಅವನು ಲಾಭ ಎಂದು ಸುರಿದ. ಇನ್ನೊಂದು ಕೊಳಗ ತುಂಬಿ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ.

“ಎರಡು.”

ಮುಕುಂದಯ್ಯ ಎಲೆಯಡಿಕೆ ಉಗಿದು ನಕ್ಕರು.

“ದುಗ್ಗಿ ಹೇಳಿದ್ಮೇಲೆ ಮುಗೀತು. ಎರಡೇ ಅನ್ನೋ, ಪುಟ್ಟ.”

ಹತ್ತು ಕೊಳಗ ಉಳಿಯಿತು. ಆ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೀಜವನ್ನು ಹುಲ್ಲಿನ ಮುಡಿ ಕಟ್ಟಿ ಅಟ್ಟಕ್ಕೇರಿಸಿದೆ.

ಯುಗಾದಿ ಕಳೆದ ಮೇಲೆ ಒಡೆಯರ ಮನೆಯಿಂದ ಸುದ್ದಿ ಬಂತು: ಗದ್ದೆಯನ್ನು ಜಟ್ಟಪ್ಪನಿಗೆ ಕೊಟ್ಟಾಗಿದೆ, ನೀವು ನೇಗಿಲು ಇಳಿಸಬೇಡಿ. ಜಟ್ಟಪ್ಪ ಬೇರೆ ಯಾರೂ ಅಲ್ಲ, ನನ್ನ ಗಂಡನ ತಮ್ಮ. ಪುಟ್ಟಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೊದಲ ಮಳೆ ಬಿದ್ದ ಮಾರನೆಯ ದಿನ ಜಟ್ಟಪ್ಪ ಚೀಲ ಹಿಡಿದು ಬಂದ. ಬಿತ್ತನೆಗೆ ಬೀಜವಿಲ್ಲವಂತೆ.

“ಲಾಭದ ಕೊಳಗ ಬೇರೆ ಕೊಡಕ್ಕೆ ಒಪ್ಪಿದ್ಯನಾ?” ಎಂದು ಕೇಳಿದೆ.

“ಎಂತ ಮಾಡದು ಅತ್ಗೆ, ಮಕ್ಳು ಮರಿ ಇದಾವೆ,” ಎಂದು ನೆಲ ನೋಡಿದ.

ಅವನ ಮುಖಕ್ಕೆ ಉಗಿಯಬೇಕೆನಿಸಿತು. ಆದರೆ ಆ ಬೀಜ ಇಟ್ಟುಕೊಂಡು ನಾನೇನು ಮಾಡಲಿ, ಅಂಗಳದಲ್ಲಿ ಬಿತ್ತಲೆ? ಹುಳ ತಿನ್ನುವುದಕ್ಕಿಂತ ನಮ್ಮ ಗದ್ದೆಗೇ ಹೋಗಲಿ ಎಂದು ಮುಡಿ ಬಿಚ್ಚಿದೆ. ಅವನ ಚೀಲಕ್ಕೆ ಮೊದಲ ಕೊಳಗ ಸುರಿದೆ. ಲಾಭ ಅನ್ನುತ್ತೇನೆಂದು ಅವನು ಕಾಯುತ್ತಿದ್ದ.

“ಒಂದು,” ಎಂದೆ.