ಶ್ರೇಯಾಂಸನ ಕಾರ್ಡಿನಲ್ಲಿ ಹೋದ ವಾಷಿಂಗ್ ಮೆಷಿನ್

ಬ್ಯಾಂಕಿನ ಸಜ್ನಾ ಮೇಡಂ ಕಂಪ್ಯೂಟರಿನ ಪರದೆಯನ್ನು ತನ್ನ ಕಡೆಗೇ ತಿರುಗಿಸಿಕೊಂಡದ್ದು ಅನಿಷಾಳಿಗೆ ಸರಿಕಾಣಲಿಲ್ಲ. ಒಳ್ಳೆಯ ಸುದ್ದಿಯಾಗಿದ್ದರೆ ಯಾರೂ ಮುಚ್ಚಿಕೊಂಡು ಓದುವುದಿಲ್ಲ.

“ಸಾಲಕ್ಕೆ ನೋಡುವ ಕ್ರೆಡಿಟ್ ಸ್ಕೋರ್ ನಿಮ್ಮದು ಚೆನ್ನಾಗಿ ಉಂಟು. ನಿಮ್ಮ ಯಜಮಾನರದ್ದು ಬಿದ್ದಿದೆ. ಕ್ರೆಡಿಟ್ ಕಾರ್ಡಿನ ಲಿಮಿಟ್ ದಾಟಿದ್ದಾರೆ. ಒಂದು ಸಲ ಅಲ್ಲ, ತಿಂಗಳು ತಿಂಗಳೂ.”

“ಕಟ್ಟಲಿಕ್ಕೆ ಬಾಕಿ ಉಂಟಾ?”

“ಅದೇ ನೋಡಿ. ಏನೂ ಬಾಕಿ ಇಲ್ಲ. ಗಡುವಿನ ಒಳಗೆ ಎಲ್ಲ ಕಟ್ಟಿದ್ದಾರೆ. ಆದರೆ ಬಿಲ್ ಆಗುವ ದಿನ ಕಾರ್ಡಿನಲ್ಲಿ ಎಷ್ಟು ಖರ್ಚಾಗಿರ್ತದೋ ಅದೇ ಸ್ಕೋರ್ ಹಾಕುವವರಿಗೆ ಹೋಗುವುದು. ಆ ದಿನ ಯಾವಾಗಲೂ ಲಿಮಿಟ್ಟಿಗಿಂತ ಮೇಲೆ. ಕಾರ್ಡ್ ಇಲ್ಲದಿದ್ದರೆ ಈ ಮನುಷ್ಯನ ಮನೆ ನಡೆಯುವುದಿಲ್ಲ ಅಂತ ಅವರಿಗೆ ಕಾಣ್ತದೆ.”

ಅನಿಷಾಳಿಗೆ ಇದು ಬೇಗ ಅರ್ಥವಾಯಿತು. ಬೆಳ್ತಂಗಡಿಯ ಲ್ಯಾಬಿನಲ್ಲಿ ಅವಳ ಕೆಲಸ ರಕ್ತ ತೆಗೆಯುವುದು. ಎರಡು ದಿನ ಪಥ್ಯ ಮಾಡಿ ಸಕ್ಕರೆ ಪರೀಕ್ಷೆಗೆ ಬರುವವರನ್ನು ಅವಳು ಮುಖ ನೋಡಿಯೇ ಹೇಳಬಲ್ಲಳು. ಅಂಥವರಿಗೆ ಡಾಕ್ಟರು ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ ಬರೆಯುತ್ತಾರೆ. ಬಾಯಿ ಸುಳ್ಳು ಹೇಳಬಹುದು, ರಕ್ತ ಹೇಳುವುದಿಲ್ಲ. ಹಾಗಾದರೆ ಗಂಡ ಶ್ರೇಯಾಂಸ ಪ್ರತಿ ತಿಂಗಳೂ ಏನು ತಿನ್ನುತ್ತಿದ್ದಾನೆ? ಯಾರ ಜೊತೆ?

ಅವಳಿಗೆ ಬೇಕಾದದ್ದು ವೇಣೂರಿನಲ್ಲಿ ಸ್ವಂತ ಲ್ಯಾಬ್. ಮೆಡಿಕಲ್ ಶಾಪಿನ ಪಕ್ಕದ ಕೋಣೆಯನ್ನು ಅದರ ಮಾಲೀಕ ಮುಂದಿನ ತಿಂಗಳವರೆಗೆ ಬೇರೆಯವರಿಗೆ ಕೊಡುವುದಿಲ್ಲ ಎಂದಿದ್ದ. ಗಂಡನೂ ಸೇರಿ ಅರ್ಜಿ ಹಾಕಿದರೆ ರಕ್ತ ಪರೀಕ್ಷಿಸುವ ಹೊಸ ಅನಲೈಸರ್ ಯಂತ್ರಕ್ಕೆ ಸಾಕಾಗುವಷ್ಟು ಸಾಲ. ಅವಳೊಬ್ಬಳೇ ಹಾಕಿದರೆ ಅರ್ಧ.

“ಒಂದು ಕೆಲಸ ಮಾಡಿ,” ಎಂದಳು ಸಜ್ನಾ. “ಈ ಸಲ ಬಿಲ್ ಆಗುವ ಮೊದಲೇ ಎಲ್ಲ ಕಟ್ಟಿಸಿ. ಸಾಲ ಪಾಸಾಗುವವರೆಗೆ ಕಾರ್ಡ್ ಮುಟ್ಟಬಾರದು. ನಾನು ಮೇಲಿನವರ ಹತ್ರ ಮಾತಾಡ್ತೇನೆ.”

ಮನೆಗೆ ಹೋಗುವ ಅಳದಂಗಡಿಯ ಬಸ್ಸಿನಲ್ಲಿ ಅನಿಷಾ ಗಂಡನ ಬಗ್ಗೆ ಯಾರೋ ಹೊಸಬನ ಬಗ್ಗೆ ಎಂಬ ಹಾಗೆ ಯೋಚಿಸಿದಳು. ಮೂಡುಬಿದಿರೆಯ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತ. ಕುಡಿಯುವುದಿಲ್ಲ. ಮೊಬೈಲಿನಲ್ಲಿ ರಮ್ಮಿ ಆಡುತ್ತಾನೋ? ಇತ್ತೀಚೆಗೆ ಅಂಗಿಗೆ ಇಸ್ತ್ರಿ ಹೆಚ್ಚು.

ಸಂಜೆ ಅವನು ಸ್ನಾನಕ್ಕೆ ಹೋಗಿದ್ದಾಗ ಅವನ ಮೊಬೈಲಿಗೆ ಮೂಡುಬಿದಿರೆಯ ಅಂಗಡಿಯೊಂದರ ಸಂದೇಶ ಬಂತು: ನೀವು ಕೊಂಡ ವಾಷಿಂಗ್ ಮೆಷಿನ್ ಹೇಗಿದೆ, ಅಭಿಪ್ರಾಯ ತಿಳಿಸಿ.

ಅವರ ಮನೆಯಲ್ಲಿ ಬಟ್ಟೆ ಒಗೆಯುವುದು ಬಾವಿಯ ಪಕ್ಕದ ಕಲ್ಲಿನ ಮೇಲೆ. ಒಗೆಯುವವಳು ಅನಿಷಾ.

“ವಾಷಿಂಗ್ ಮೆಷಿನ್ ಯಾರ ಮನೆಯಲ್ಲಿ ಉಂಟು?”

ತಲೆ ಒರೆಸುತ್ತಿದ್ದ ಶ್ರೇಯಾಂಸನ ಕೈ ನಿಂತಿತು. “ಯಾವ ಮೆಷಿನ್?”

“ನಿಮ್ಮ ಕಾರ್ಡಿನಲ್ಲಿ ಹೋದದ್ದು.”

“ಓ ಅದಾ! ಮುನಿರಾಜ ಮಾವನದ್ದು ಮಾರಾಯ್ತಿ. ಕಾರ್ಡಿಗೆ ಆಫರ್ ಇತ್ತು. ಅವರು ದುಡ್ಡು ಕೊಟ್ಟಾಗಿದೆ, ನಾನು ಕಟ್ಟಿಯೂ ಆಗಿದೆ.”

“ನನಗೆ ಹೇಳಲಿಲ್ಲ.”

“ಹೇಳುವಂಥದ್ದು ಏನುಂಟು ಅದರಲ್ಲಿ?”

ಉತ್ತರ ಸರಿಯಾಗಿಯೇ ಇತ್ತು. ಆದರೆ ಆ ‘ಓ’ ಬರಲು ಸ್ವಲ್ಪ ತಡವಾಗಿತ್ತು.

ಭಾನುವಾರ ಕೋಣೆ ನೋಡಿ ಬರುತ್ತೇನೆಂದು ವೇಣೂರಿಗೆ ಹೋದವಳು ನೇರ ಗಂಡನ ಸೋದರಮಾವ, ಮುನಿರಾಜ ಮಾವನ ಮನೆಗೆ ನಡೆದಳು. ಮಾವನ ಹೆಂಡತಿ ಕಮಲಾವತಿ ಅತ್ತೆ ಬಾಗಿಲಲ್ಲೇ ನಕ್ಕರು.

“ಬಾ ಬಾ, ಮೆಷಿನ್ ನೋಡ್ಲಿಕ್ಕೆ ಬಂದದ್ದಲ್ವಾ?”

“ಯಾರು ಹೇಳಿದ್ದು ಅತ್ತೆ?”

“ಶ್ರೇಯು ಫೋನ್ ಮಾಡಿದ್ದ, ಅವಳು ಬಂದರೂ ಬರಬಹುದು ಅಂತ.”

ಅಂದರೆ ಇಲ್ಲಿಗೆ ಬರುತ್ತಾಳೆಂದು ಅವನಿಗೆ ಗೊತ್ತಿತ್ತು. ಹೇಳಿಕೊಟ್ಟ ಮಾತನ್ನೇ ಕೇಳಬೇಕಾದೀತೆಂದು ಅನಿಷಾ ಕಿವಿ ಚುರುಕು ಮಾಡಿಕೊಂಡಳು. ಮೆಷಿನ್ ನಿಜವಾಗಿಯೂ ಇತ್ತು, ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿರಲಿಲ್ಲ.

“ಒಮ್ಮೆ ನಿನ್ನ ಮಾವನನ್ನೇ ಇದಕ್ಕೆ ಹಾಕಿ ತಿರುಗಿಸಬೇಕು ಅಂತ ಉಂಟು ನನಗೆ,” ಎಂದರು ಅತ್ತೆ. “ಅಂಗಡಿಯಲ್ಲಿ ಏನಾಯ್ತು ಗೊತ್ತುಂಟಾ? ಕಾರ್ಡ್ ಆಗುದಿಲ್ಲ ಅಂತ ಬಂತು. ನಮ್ಮ ಮಗನ ಹೆಂಡತಿಯ ತವರಿನವರೆಲ್ಲ ಎದುರಿಗೇ ನಿಂತಿದ್ದಾರೆ! ಶ್ರೇಯು ಮೊಬೈಲಿನಲ್ಲಿ ಏನೋ ಒತ್ತಿದ, ಆಯ್ತು. ಬ್ಯಾಂಕಿನವರು ಅವನಿಗೆ ಲಿಮಿಟ್ಟಿನ ಮೇಲೆಯೂ ಬಿಡ್ತಾರಂತೆ. ಅಷ್ಟು ಮರ್ಯಾದೆ!”

“ಬೇರೆ ಯಾರದ್ದೆಲ್ಲ ಹೀಗೆ ತೆಗೆದದ್ದು?”

“ಯಾರದ್ದು ಇಲ್ಲ ಕೇಳು. ನನ್ನ ತಮ್ಮನ ಫ್ರಿಜ್, ಮಗಳ ಲ್ಯಾಪ್‌ಟಾಪ್, ಮೇಲಿನ ಮನೆಯವರ ಟಿವಿ. ನಮ್ಮಲ್ಲಿ ಎಲ್ಲರಿಗೂ ಅವನ ಕಾರ್ಡೇ. ದುಡ್ಡು ಮಾತ್ರ ಮರುದಿನವೇ ಕೊಟ್ಟುಬಿಡ್ತೇವಪ್ಪ.”

ಇದು ಯಾರೂ ಹೇಳಿಕೊಟ್ಟ ಮಾತಲ್ಲ. ಇಷ್ಟು ಹೆಮ್ಮೆಯನ್ನು ಯಾರೂ ಕಲಿಸಲಾರರು. ರಮ್ಮಿ ಇರಲಿಲ್ಲ, ಹೆಂಗಸೂ ಇರಲಿಲ್ಲ. ಸಮಾಧಾನವಾಗಬೇಕಿತ್ತು. ಒಬ್ಬಳಿದ್ದರೆ ಅವಳ ಜೊತೆ ಜಗಳವಾಡಬಹುದಿತ್ತು. ಇಡೀ ಬಳಗದ ಜೊತೆ ಏನು ಮಾಡುವುದು?

ಮನೆಗೆ ಬಂದಾಗ ಶ್ರೇಯಾಂಸ ಹಲ್ಲು ಬಿಟ್ಟ. “ಪತ್ತೇದಾರಿ ಮುಗೀತಾ?”

ಅವಳು ನಗದೆ ಎಲ್ಲ ಹೇಳಿದಳು. ಸ್ಕೋರ್, ಬಿಲ್ಲಿನ ದಿನ, ಅರ್ಧ ಸಾಲ. ಲಿಮಿಟ್ಟಿನ ಮೇಲೆ ಬಿಡುವುದು ಮರ್ಯಾದೆಯಲ್ಲ, ಅದನ್ನು ಬ್ಯಾಂಕು ಬರೆದಿಟ್ಟುಕೊಳ್ಳುತ್ತದೆ ಎಂದಳು. ಅವನ ಮುಖ ಸಣ್ಣದಾಯಿತು. ಮೊಬೈಲ್ ತೆಗೆದು ಅವಳೆದುರೇ ಆ ಸೌಲಭ್ಯವನ್ನು ನಿಲ್ಲಿಸಿದ, ಇದ್ದದ್ದನ್ನೆಲ್ಲ ಕಟ್ಟಿದ.

“ಸಾಲ ಪಾಸಾಗುವವರೆಗೆ ಯಾರಿಗೂ ಇಲ್ಲ. ನಿನ್ನ ಲ್ಯಾಬಿಗಿಂತ ದೊಡ್ಡದಾ ಅವರ ಫ್ರಿಜ್ಜು?”

ಅನಿಷಾ ನಂಬಿದಳು. ನಂಬಿದ್ದೇನೆಂದು ತನಗೆ ತಾನೇ ಆಗಾಗ ಹೇಳಿಕೊಳ್ಳಬೇಕಾಗುತ್ತಿತ್ತು.

ಬಿಲ್ಲಿನ ದಿನ ಕಳೆದ ಮೇಲೆ ಇಬ್ಬರೂ ಬ್ಯಾಂಕಿಗೆ ಹೋದರು. ಈ ಸಲ ಸಜ್ನಾ ಪರದೆಯನ್ನು ಅವರ ಕಡೆಗೆ ತಿರುಗಿಸಿದಳು. “ಸ್ವಲ್ಪ ಏರಿದೆ. ಮೇಲಿನವರು ಒಪ್ಪಿದ್ದಾರೆ. ಪಾಸಾಗುವ ಮೊದಲು ಇನ್ನೊಮ್ಮೆ ನೋಡ್ತಾರೆ, ಅಷ್ಟರವರೆಗೆ ಹೀಗೆಯೇ ಇರಲಿ. ಈಗ ಸಹಿ ಮಾಡುವ.”

ಶ್ರೇಯಾಂಸನ ಮೊಬೈಲ್ ಹೊಡೆದುಕೊಂಡಿತು. ಅವನು ಎದ್ದು ಕಿಟಕಿಯ ಬಳಿ ಹೋದ. ದನಿ ತಗ್ಗಿಸಿದ್ದ, ಆದರೆ ಬ್ಯಾಂಕು ಖಾಲಿಯಿತ್ತು.

“ಇಲ್ಲ ಮಾವ, ಈಗ ಆಗುದಿಲ್ಲ… ಆಫರ್ ಇವತ್ತೇ ಕೊನೆಯಾ?… ಛೆ, ಎಲ್ಲರೂ ಅಂಗಡಿಗೆ ಬಂದಾಗಿದೆಯಾ?” ಒಮ್ಮೆ ತಿರುಗಿ ಮೇಜಿನ ಕಡೆ ನೋಡಿದ. “ಆಯ್ತು. ಸಂಜೆ ಬರ್ತೇನೆ. ಅನಿಷಾಳ ಹತ್ರ ಹೇಳ್ಬೇಡಿ.”

ಬಂದು ಕುಳಿತು ಪೆನ್ನಿಗೆ ಕೈ ಚಾಚಿದ.

“ಯಾರು?” ಎಂದಳು ಅನಿಷಾ.

“ಕಾಲೇಜಿನಿಂದ.” ಈ ಸಲ ಒಂಚೂರೂ ತಡವಾಗಲಿಲ್ಲ.

ಅನಿಷಾ ಅರ್ಜಿಯನ್ನು ಅವನ ಮುಂದಿನಿಂದ ಎಳೆದುಕೊಂಡಳು. “ಮೇಡಂ, ನನ್ನೊಬ್ಬಳ ಹೆಸರಲ್ಲಿ ಹಾಕಿ.”

“ಅರ್ಧವೇ ಸಿಗುವುದು,” ಎಂದಳು ಸಜ್ನಾ. “ಹೊಸ ಅನಲೈಸರ್ ಬರ್ಲಿಕ್ಕಿಲ್ಲ.”

“ಮಂಗಳೂರಲ್ಲಿ ಹಳೆಯದು ಸಿಗ್ತದೆ. ಅದು ಬಿಸಿಯಾಗ್ಲಿಕ್ಕೆ ಹೊತ್ತು ಹಿಡೀತದೆ, ಬೆಳಿಗ್ಗೆ ಬೇಗ ಬಂದು ಆನ್ ಮಾಡಿಟ್ಟರೆ ಆಯ್ತು.”

“ಇದೆಂತ ಅನಿಷಾ?” ಶ್ರೇಯಾಂಸ ಸಜ್ನಾಳತ್ತ ನೋಡಿ ನಗಲು ಪ್ರಯತ್ನಿಸಿದ. “ಇನ್ನೂ ಸಂಶಯವಾ ನನ್ನ ಮೇಲೆ?”

“ಇಲ್ಲ,” ಎಂದಳು ಅವಳು, ಸಹಿ ಹಾಕುತ್ತಾ. “ನೀವು ಹೊರಡಿ. ಅಂಗಡಿಯಲ್ಲಿ ಮಾವ ಕಾಯ್ತಿದ್ದಾರೆ.”