ಹಸಿದ ಕೌದಿ

ಅರಮನೆಯನ್ನು ಒಲ್ಲದೆ ದೀನರ ಹೊಸ್ತಿಲನ್ನು ಅರಸಿ ಬರುವ, ನಾಮರೂಪಗಳನ್ನು ಮೀರಿದ ಕರುಣಾಕರನಿಗೆ ತಲೆಬಾಗಿ ಈ ಕಥೆಯನ್ನು ಆರಂಭಿಸುತ್ತೇನೆ.

ಮುಂಬಯಿಯ ಗಿರಣಿಗಳಲ್ಲಿ ಮುಷ್ಕರ ನಡೆದ ವರ್ಷವದು. ಕಳವಾ ಎಂಬ ಉಪನಗರದ ಚಾಳೊಂದರಲ್ಲಿ ಬಾಗಲಕೋಟೆ ಕಡೆಯ ಮುರುಗೆಪ್ಪ, ಕಾಶವ್ವ ದಂಪತಿ ವಾಸವಾಗಿದ್ದರು. ಮಗ್ಗ ನಿಂತ ಮೇಲೆ ಮುರುಗೆಪ್ಪ ತುರ್ಭೆಯ ಮಾರುಕಟ್ಟೆಗೆ ಹೋಗಿ ಮೂಟೆ ಹೊರುತ್ತಿದ್ದ. ಕೆಲಸ ಸಿಕ್ಕ ದಿನ ಒಲೆ ಉರಿಯುತ್ತಿತ್ತು. ಆ ಮಳೆಗಾಲದಲ್ಲಿ ಅವರ ಒಬ್ಬಳೇ ಮಗಳು, ಪುಟ್ಟ ಕಲ್ಲವ್ವ, ಜ್ವರದಿಂದ ತೀರಿಕೊಂಡಳು. ಕೊನೆಯ ಉಸಿರಿನವರೆಗೂ ಆ ಮಗುವಿನ ತಣ್ಣಗಾಗುತ್ತಿದ್ದ ಪಾದಗಳನ್ನು ತಿಕ್ಕುತ್ತ ಕುಳಿತವಳು ಪಕ್ಕದ ಖೋಲಿಯ ಜುಲಿಯಾನಾ ಬಾಯಿ, ಮಂಗಳೂರಿನ ಕ್ರೈಸ್ತ ವಿಧವೆ.

ಪ್ರತಿ ಕ್ರಿಸ್‌ಮಸ್‌ಗೆ ಜುಲಿಯಾನಾಳ ಮನೆಯಿಂದ ತಿಂಡಿಯ ತಟ್ಟೆ ಬರುತ್ತಿತ್ತು. ಅದನ್ನು ಬರಿದಾಗಿ ಮರಳಿಸುವುದು ಕಾಶವ್ವನಿಗೆ ಸಲ್ಲದು. ಶೇಂಗಾ ಹೋಳಿಗೆ ತುಂಬಿಯೇ ಕೊಡುತ್ತಿದ್ದಳು. ಈ ಸಲ ಬೆಲ್ಲವಿಲ್ಲ. ಇದ್ದರೂ ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಸಿಹಿ ಮಾಡುವಂತಿಲ್ಲ. ಆದುದರಿಂದ ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಕೂಡಿಸಿ, ತಟ್ಟೆಯ ಜೊತೆ ಮರಳಿ ಕೊಡಲೆಂದು ಕೌದಿ ಹೊಲಿಯತೊಡಗಿದಳು. ನಡುವೆ ಒಂದು ತುಂಡಿನ ಜಾಗ ಉಳಿಯಿತು. ಮನೆಯಲ್ಲಿ ಉಳಿದಿದ್ದ ಬಟ್ಟೆ ಟ್ರಂಕಿನೊಳಗಿನ ಕಲ್ಲವ್ವನ ಪುಟ್ಟ ಲಂಗ, ಆ ಕೆಂಪು ಪರಕರ ಮಾತ್ರ.

“ಅದನ್ನ ಯಾಕ ತಗೀತಿ? ನನ್ನ ಅಂಗಿ ಕತ್ತರಿಸು,” ಎಂದ ಮುರುಗೆಪ್ಪ.

“ನಿಮ್ಮ ಅಂಗಿಯೊಳಗ ಬಟ್ಟಿ ಎಲ್ಲೈತ್ರಿ? ಬರೇ ತೂತ ಅದಾವು.”

ಅವನು ನಕ್ಕ. ಆಮೇಲೆ ಗೋಡೆಯ ಕಡೆಗೆ ಮುಖ ತಿರುಗಿಸಿದ. “ಕತ್ತರಿಸಿದ ಮ್ಯಾಲ ಮತ್ತ ಪರಕರ ಆಗೂದಿಲ್ಲ, ನೋಡು.”

“ಆಕಿ ಕಾಲು ತಿಕ್ಕಿದ ಕೈಗೆ ಬರೇ ಚಿಂದಿ ಕೊಡ್ಲೇನ್ರಿ?” ಎಂದು ಕಾಶವ್ವ ಕತ್ತರಿಯಾಡಿಸಿದಳು.

ಹಸಿದ ಕೌದಿಯನ್ನು ಯಾರಿಗೂ ಕೊಡಬಾರದು, ಕಡೆಯ ಮೂಲೆಯೊಳಗೆ ಒಂದು ತುತ್ತು ಇಟ್ಟು ಹೊಲಿಯಬೇಕು ಎಂಬುದು ಅವಳ ತವರಿನ ನೇಮ. ಆ ಮೂಲೆಯೊಂದನ್ನು ಉಳಿಸಿಕೊಂಡು, ಹಬ್ಬದ ಮುನ್ನಾದಿನ ತಟ್ಟೆಯ ದಾರಿ ಕಾಯುತ್ತ ಕುಳಿತಳು. ಜುಲಿಯಾನಾ ತಟ್ಟೆ ಹಿಡಿದು ಎದುರು ಖೋಲಿಗೆ ಹೋದಳು. ನಲ್ಲಿಯ ಪಕ್ಕದ ಮನೆಗೂ ಹೋದಳು. ಕಾಶವ್ವನ ಬಾಗಿಲನ್ನು ಮಾತ್ರ ದಾಟಿ ನಡೆದಳು.

“ಸಾವಿನ ಮನಿ ಆಕೀಗೂ ಬ್ಯಾಡಾತು,” ಎಂದುಕೊಂಡ ಕಾಶವ್ವ ಬ್ಲೇಡು ಹಿಡಿದು ಕೆಂಪು ತುಂಡಿನ ಹೊಲಿಗೆ ಬಿಚ್ಚತೊಡಗಿದಳು. ಒಂದು ಅಂಚು ಬಿಚ್ಚಿತ್ತು. ಬಾಗಿಲಲ್ಲಿ ಜುಲಿಯಾನಾ ನಿಂತಿದ್ದಳು, ಬರಿಗೈಯಲ್ಲಿ.

“ಎಂತ ಮಾರಾಯ್ತಿ, ಮುಖ ಊದಿಸಿಕೊಂಡು ಕೂತಿದ್ದಿ?”

“ತಟ್ಟಿ ನಮ್ಮ ಬಾಗಲಾ ಮರೀತಲ್ಲ, ಬಾಯಿ.”

“ಮರೆತದ್ದಲ್ಲ. ತಟ್ಟೆ ಕೊಟ್ಟರೆ ನೀನು ಖಾಲಿ ವಾಪಸ್ ಕೊಡುವವಳಾ? ಉಪವಾಸ ಬಿದ್ದಾದರೂ ತುಂಬಿಸ್ತಿ. ತಟ್ಟೆ ಕಳಿಸದೆ ಇದ್ದದ್ದೇ ಈ ವರ್ಷ ನಿಂಗೆ ನನ್ನ ಗಿಫ್ಟು. ಹ್ಞೂಂ, ಕೈ ಹಿಡಿ.”

ಅವಳು ಸೆರಗಿನ ಗಂಟು ಬಿಚ್ಚಿ, ಎಣ್ಣೆಯಲ್ಲಿ ಕರಿದ, ಚಿಪ್ಪಿನಾಕಾರದ ನಾಲ್ಕಾರು ಸಿಹಿ ಕುಲ್‌ಕುಲ್‌ಗಳನ್ನು ಕಾಶವ್ವನ ಅಂಗೈಗೆ ಸುರಿದಳು. “ಹಿಟ್ಟು ಕಲಸುವಾಗ ಕಲ್ಲವ್ವನ ಪಾಲೂ ಸೇರಿಸಿಬಿಟ್ಟೆ. ನೆನಪೇ ಆಗಲಿಲ್ಲ ನೋಡು, ಅವಳು...” ಎಂದವಳ ಕಣ್ಣು ಕೆಂಪು ತುಂಡಿನ ಮೇಲೆ ಬಿತ್ತು. ಆ ಪರಕರವನ್ನು ಅವಳು ಬಲ್ಲಳು.

ಕಾಶವ್ವ ಸೂಜಿಗೆ ದಾರ ಪೋಣಿಸಿದಳು. ಬಿಚ್ಚಿದ ಅಂಚನ್ನು ಮತ್ತೆ ಹೊಲಿದಳು. ಕುಲ್‌ಕುಲ್ ಒಂದನ್ನು ಆರಿಸಿ, ತೆರೆದಿದ್ದ ಮೂಲೆಯೊಳಗಿಟ್ಟು ಕಡೆಯ ಹೊಲಿಗೆ ಹಾಕಿ, ಕೌದಿಯನ್ನು ಗೆಳತಿಯ ಮಡಿಲಲ್ಲಿರಿಸಿದಳು.

“ಆಕಿ ಪಾಲು ಆಕೀಗೆ ಮುಟ್ಟಿತು, ಬಾಯಿ. ಥಂಡಿ ಆದ್ರ ಹೊದ್ಕೋ.”

ಜುಲಿಯಾನಾ ಹೊದೆಯಲಿಲ್ಲ. ಅಂದು ಆ ಪಾದಗಳನ್ನು ತಿಕ್ಕಿದಂತೆಯೇ, ಕೆಂಪು ತುಂಡನ್ನು ಎರಡೂ ಅಂಗೈಗಳಿಂದ ಮೆಲ್ಲಗೆ ತಿಕ್ಕುತ್ತ ಕುಳಿತಳು.

ಇದನ್ನು ಕೇಳಿದವರೆಲ್ಲರ ಮಕ್ಕಳು ಬೆಚ್ಚಗಿರಲಿ. ಕಳೆದುಕೊಂಡವರ ಬಳಿ ನೆರೆಯ ಜೀವವೊಂದು ಕುಳಿತಿರಲಿ. ಯಾರ ಮೂಲೆಯೂ ಹಸಿದಿರದಂತೆ ಆ ಕರುಣಾಕರನು ಸರ್ವರನ್ನೂ ಕಾಯಲಿ.